ಫೋಲ್ಡ್‌ಸ್ಕೋಪ್: ನಾಲ್ಕು ವರ್ಷ ತರಗತಿಯಲ್ಲಿ ಬಳಸಿದ ಮೇಲೆ

ನಮ್ಮ ಶಾಲೆಯಲ್ಲಿ ಮೊದಲು ಇದ್ದದ್ದು ಒಂದೇ ಮೈಕ್ರೋಸ್ಕೋಪ್. ಬೀರುವಿನೊಳಗೆ, ಮರದ ಪೆಟ್ಟಿಗೆಯಲ್ಲಿ. ಎಂಟನೇ ತರಗತಿಯ ಜೀವಕೋಶದ ಪಾಠ ಬಂದಾಗ ಮಾತ್ರ ಅದಕ್ಕೆ ಹೊರಗಿನ ಗಾಳಿ. ತರಗತಿಯಲ್ಲಿ 38 ಮಕ್ಕಳು, ಪಿರಿಯಡ್ 40 ನಿಮಿಷ. ಕನ್ನಡಿ ತಿರುಗಿಸಿ ಬೆಳಕು ಹಿಡಿದು, ಸ್ಲೈಡ್ ಇಟ್ಟು, ಮಕ್ಕಳನ್ನು ಸಾಲಾಗಿ ನಿಲ್ಲಿಸುವಷ್ಟರಲ್ಲಿ ಕಾಲು ಗಂಟೆ ಮುಗಿದಿರುತ್ತಿತ್ತು. ಉಳಿದ ಹೊತ್ತನ್ನು ಹಂಚಿದರೆ ತಲೆಗೆ 40 ಸೆಕೆಂಡ್. "ಕಂಡಿತಾ?" ಅಂದರೆ "ಕಂಡಿತು ಮಿಸ್" ಅನ್ನುತ್ತಿದ್ದರು. ಎಷ್ಟೋ ಮಕ್ಕಳಿಗೆ ಕಂಡಿದ್ದು ಅವರದೇ ರೆಪ್ಪೆಯ ಕೂದಲು. ಹಿಂದೆ ನಿಂತವರು ತಳ್ಳುತ್ತಿದ್ದರು, ಆದ್ದರಿಂದ ಯಾರೂ ಎರಡನೇ ಸಲ ನೋಡುತ್ತಿರಲಿಲ್ಲ.

ಫೋಲ್ಡ್‌ಸ್ಕೋಪ್ ಕೊಂಡಿದ್ದು ಈ ಸಾಲನ್ನು ತಪ್ಪಿಸೋಕೆ. ಹಳೆಯ ವಿದ್ಯಾರ್ಥಿಗಳು ಕೊಟ್ಟ ದುಡ್ಡಿನಲ್ಲಿ 20ರ ಒಂದು ಪ್ಯಾಕ್ ತರಿಸಿದೆವು. ಇಬ್ಬರಿಗೆ ಒಂದು. ರಾಮನಗರ ಕಡೆಯ ಹಳ್ಳಿ ಶಾಲೆ ನಮ್ಮದು, ಆರರಿಂದ ಎಂಟನೇ ತರಗತಿವರೆಗೆ ವಿಜ್ಞಾನ ನನ್ನದೇ. ನಾಲ್ಕು ವರ್ಷದಿಂದ ಮೂರೂ ತರಗತಿಗಳಲ್ಲಿ ಇದನ್ನು ಬಳಸುತ್ತಿದ್ದೇನೆ.

ಗೊತ್ತಿಲ್ಲದವರಿಗೆ ಎರಡು ಮಾತು. ಇದು ಗಟ್ಟಿ ಕಾಗದದಿಂದ ಮಡಚಿ ಮಾಡುವ ಮೈಕ್ರೋಸ್ಕೋಪ್. ಹಾಳೆಯಿಂದ ಭಾಗಗಳನ್ನು ಬಿಡಿಸಿ, ಮಡಚಿ, ಒಂದರೊಳಗೆ ಒಂದು ಸೇರಿಸಬೇಕು. ನಡುವೆ ಸಾಸಿವೆ ಕಾಳಿನಂಥ ಒಂದು ಪುಟ್ಟ ಲೆನ್ಸ್. ಮಾಮೂಲಿ ಕಿಟ್‌ನಲ್ಲಿ ವಸ್ತು 140 ಪಟ್ಟು ದೊಡ್ಡದಾಗಿ ಕಾಣುತ್ತದೆ. ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಮನು ಪ್ರಕಾಶ್ ಮತ್ತು ಜಿಮ್ ಸಿಬುಲ್ಸ್ಕಿ ಇದನ್ನು ರೂಪಿಸಿದರು, 2014ರಲ್ಲಿ ಇದರ ಸಂಶೋಧನಾ ಲೇಖನ ಪ್ರಕಟವಾಯಿತು. ಮನು ಪ್ರಕಾಶ್ ಹುಟ್ಟಿದ್ದು ಮೀರತ್‌ನಲ್ಲಿ, ಓದಿದ್ದು ಕಾನ್ಪುರದ ಐಐಟಿಯಲ್ಲಿ. ಇದನ್ನು ಹೇಳಿದ ದಿನ ಒಬ್ಬ ಹುಡುಗ ಭೂಪಟದಲ್ಲಿ ಮೀರತ್ ಹುಡುಕಿ ಅದರ ಮೇಲೆ ಬೆರಳಿಟ್ಟುಕೊಂಡೇ ಕೂತಿದ್ದ.

ನನ್ನ ಮೊದಲ ಪಾಠ ಕೆಟ್ಟಿತು. ಒಂದೇ ಪಿರಿಯಡ್‌ನಲ್ಲಿ ಮಡಚಿಸಿ, ಸ್ಲೈಡ್ ಮಾಡಿಸಿ, ನೋಡಿಸಿಬಿಡೋಣ ಅಂದುಕೊಂಡಿದ್ದೆ. ಗಂಟೆ ಹೊಡೆದಾಗ ಅರ್ಧ ಮಕ್ಕಳ ಕೈಯಲ್ಲಿ ಇನ್ನೂ ಬಿಡಿ ಕಾಗದ. ತಪ್ಪು ನನ್ನ ಯೋಜನೆಯದು. ಈಗ ಮಡಚುವ ಕೆಲಸಕ್ಕೇ ಬೇರೆ ದಿನ. ಆವತ್ತು ಏನನ್ನೂ ನೋಡುವಂತಿಲ್ಲ. ಮರುದಿನ ಒಂದು ತಲೆಕೂದಲು ಮಾತ್ರ, ಫೋಕಸ್ ಮಾಡೋದು ಕಲಿಯೋಕೆ. ಕಣ್ಣನ್ನು ಲೆನ್ಸಿಗೆ ರೆಪ್ಪೆ ತಾಗುವಷ್ಟು ಹತ್ತಿರ ತರಬೇಕು, ಕಿಟಕಿಯ ಬೆಳಕಿಗೆ ಹಿಡಿಯಬೇಕು, ಕಾಗದದ ಪಟ್ಟಿಯನ್ನು ಹೆಬ್ಬೆರಳಲ್ಲಿ ಕೂದಲೆಳೆಯಷ್ಟು ಸರಿಸಬೇಕು. ಹೊಸಬರಿಗೆ ಇದಕ್ಕೇ ಕಾಲು ಗಂಟೆ ಹಿಡಿಯುತ್ತದೆ. ಆದರೆ ಒಮ್ಮೆ ಕೈ ಕೂತರೆ ವರ್ಷವಿಡೀ ಆ ಮಗುವಿಗೆ ಹೇಳಿಕೊಡಬೇಕಾಗಿಲ್ಲ. ನಿಜವಾದ ಪಾಠ ಮೂರನೇ ದಿನ, ಅಕ್ಕಪಕ್ಕದ ಎರಡು ಪಿರಿಯಡ್ ಜೋಡಿಸಿಕೊಂಡು. ವೇಳಾಪಟ್ಟಿ ಹೊಂದಿಸೋಕೆ ಸಮಾಜ ವಿಜ್ಞಾನದ ಮೇಷ್ಟ್ರು ತಮ್ಮ ಪಿರಿಯಡ್ ಬಿಟ್ಟುಕೊಡುತ್ತಾರೆ, ನಾನು ಇನ್ನೊಂದು ದಿನ ತೀರಿಸುತ್ತೇನೆ.

ಇನ್ನೊಂದು ಬದಲಾವಣೆ ಎಲ್ಲಕ್ಕಿಂತ ಜಾಸ್ತಿ ಕೆಲಸ ಮಾಡಿತು. ನೋಡುವ ಮೊದಲು ಬರೆಸುವುದು. "ಈರುಳ್ಳಿ ಸಿಪ್ಪೆಯನ್ನು 140 ಪಟ್ಟು ದೊಡ್ಡದು ಮಾಡಿದರೆ ಏನು ಕಾಣಬಹುದು? ಚಿತ್ರ ಬಿಡಿಸಿ." ಪಠ್ಯಪುಸ್ತಕ ಬ್ಯಾಗಿನೊಳಗೇ ಇರಬೇಕು, ಯಾಕಂದ್ರೆ ಉತ್ತರ ಅದರ ಚಿತ್ರದಲ್ಲೇ ಇದೆ. ಬಹಳ ಮಕ್ಕಳು ಬಿಡಿಸುವುದು ಒಂದರೊಳಗೊಂದು ಸುತ್ತು, ಅಡ್ಡ ಕೊಯ್ದ ಈರುಳ್ಳಿಯ ಹಾಗೆ. ಒಬ್ಬಳು ಪುಟ್ಟ ಪುಟ್ಟ ಈರುಳ್ಳಿಗಳನ್ನೇ ತುಂಬಿಸಿದ್ದಳು. ಆಮೇಲೆ ಬಿಸಿಯೂಟದ ಅಡುಗೆಮನೆಯಿಂದ ಅಕ್ಕ ಕೊಟ್ಟ ಈರುಳ್ಳಿಯ ಒಳಪದರದಿಂದ ತೆಳು ಪೊರೆ ಎಳೆದು, ನೀರು ಬೆರೆಸಿದ ಟಿಂಕ್ಚರ್ ಅಯೋಡಿನ್ ಒಂದು ಹನಿ ಹಾಕಿ, ನೋಡುತ್ತೇವೆ. ಇಟ್ಟಿಗೆ ಗೋಡೆ! ಪ್ರತಿ ಇಟ್ಟಿಗೆಯಲ್ಲೂ ಒಂದು ಕಂದು ಚುಕ್ಕೆ. ತಮ್ಮ ಊಹೆಯ ಚಿತ್ರ ಪಕ್ಕದಲ್ಲೇ ಇರುವುದರಿಂದ "ಇದು ಯಾಕೆ ಹೀಗಿದೆ?" ಅನ್ನೋ ಪ್ರಶ್ನೆ ಮಕ್ಕಳಿಂದಲೇ ಬರುತ್ತದೆ. ರಾಬರ್ಟ್ ಹುಕ್ 1665ರಲ್ಲಿ ಬೆಂಡಿನ ಚೂರಲ್ಲಿ ಇಂಥದೇ ಖಾಲಿ ಗೂಡುಗಳನ್ನು ಕಂಡು ಅವಕ್ಕೆ 'ಸೆಲ್' ಎಂದು ಹೆಸರಿಟ್ಟ ಕಥೆಯನ್ನು ನಾನು ಹೇಳುವುದು ಆಗ. ಮೊದಲೇ ಹೇಳಿದರೆ ಅದು ಬರೀ ಪರೀಕ್ಷೆಗೆ ಒಂದು ಇಸವಿ.

ಮೊಸರಿನ ಪಾಠದಲ್ಲಿ ಮತ್ತೆ ಎಡವಿದೆ. ಸೂಕ್ಷ್ಮಜೀವಿಗಳ ಅಧ್ಯಾಯಕ್ಕೆ, "ನಾಳೆ ಮೊಸರಿನ ಬ್ಯಾಕ್ಟೀರಿಯಾ ನೋಡೋಣ" ಎಂದು ಮಾತು ಕೊಟ್ಟುಬಿಟ್ಟಿದ್ದೆ. ಮನೆಯಲ್ಲಿ ಒಮ್ಮೆ ನೋಡಿಕೊಂಡು ಬಂದಿರಲಿಲ್ಲ. ಕಂಡದ್ದೆಲ್ಲ ಗುಂಡಗಿನ ಜಿಡ್ಡಿನ ಹನಿಗಳು. ಮೊಸರಿನ ಬ್ಯಾಕ್ಟೀರಿಯಾ ಸುಮಾರು ಒಂದು ಮೈಕ್ರಾನ್ ದಪ್ಪ, ಅಂದರೆ ಒಂದು ಮಿಲಿಮೀಟರಿನ ಸಾವಿರದ ಒಂದು ಪಾಲು. ಈ ಉಪಕರಣ ಬಿಡಿಸಿ ತೋರಿಸಬಲ್ಲದ್ದು ಸುಮಾರು ಎರಡು ಮೈಕ್ರಾನ್‌ವರೆಗೆ. ಮಕ್ಕಳ ಮುಖ ಬಾಡಿತು. "ಹಾಗಾದ್ರೆ ಅದು ಎಷ್ಟು ಸಣ್ಣದು ಮಿಸ್?" ಎಂದು ಮುಂದಿನ ಬೆಂಚಿನಿಂದ ಕೇಳಿದರು.

ಆ ಪ್ರಶ್ನೆಯಿಂದ ಹುಟ್ಟಿದ ಪಾಠವೇ ಈಗ ನನ್ನ ಅಚ್ಚುಮೆಚ್ಚಿನದು. ಶಾಲೆಯ ಅಂಗಳ, ಒಂದು ಡಬ್ಬಿ ರಂಗೋಲಿ ಪುಡಿ, ಒಂದು ಅಳತೆ ಟೇಪು. ಲೆಕ್ಕ ಒಂದೇ: ಒಂದು ಮೈಕ್ರಾನ್‌ಗೆ ಒಂದು ಸೆಂಟಿಮೀಟರ್. ಈರುಳ್ಳಿಯ ಒಂದು ಜೀವಕೋಶ ಸುಮಾರು 3 ಮೀಟರ್ ಉದ್ದ ಬರುತ್ತದೆ, ಒಂದು ಗುಂಪು ಅದರೊಳಗೆ ಸಾಲಾಗಿ ಮಲಗಬಹುದು. ತಲೆಕೂದಲಿನ ದಪ್ಪ 70 ಸೆಂಟಿಮೀಟರ್ ಆಸುಪಾಸು. ಕೆನ್ನೆಯ ಒಳಗಿನ ಕೋಶ ಅರ್ಧ ಮೀಟರ್‌ಗಿಂತ ಸ್ವಲ್ಪ ದೊಡ್ಡ ತಟ್ಟೆ. ಬೇಕರಿ ಯೀಸ್ಟ್ ಒಂದು ನಿಂಬೆಹಣ್ಣು. ಮೊಸರಿನ ಬ್ಯಾಕ್ಟೀರಿಯಾ ಬೆರಳಲ್ಲಿ ಚಿಟಿಕೆ ಪುಡಿ ಇಟ್ಟು ಎಳೆದ ಗೀಟು. ಆ ಗೀಟು ಹಾಕಿದಾಗ ಎಲ್ಲರೂ ಕುಕ್ಕರಗಾಲಲ್ಲಿ ಕೂತು ಬಗ್ಗಿ ನೋಡಿದರು. ಮೂರು ಮೀಟರಿನ ಕೋಶದ ಪಕ್ಕದಲ್ಲಿ ಆ ಗೀಟನ್ನು ಕಂಡ ಮಕ್ಕಳು ಅಳತೆಯ ವಿಚಾರವನ್ನು ಮರೆತಿಲ್ಲ, ಹೈಸ್ಕೂಲಿಗೆ ಹೋದವರೂ ಹೇಳುತ್ತಾರೆ.

ನಮ್ಮ ಊರಿಗೆ ಹೊಂದಿದ ಪಾಠ ಮಾತ್ರ ರೇಷ್ಮೆಯದು. ಇಲ್ಲಿ ಅರ್ಧಕ್ಕರ್ಧ ಮನೆಗಳಲ್ಲಿ ಹುಳು ಮನೆ, ಕೆಲವರ ಮನೆಯಲ್ಲಿ ನೂಲು ತೆಗೆಯುವ ಕೆಲಸ. ಹತ್ತಿ, ಉಣ್ಣೆ, ರೇಷ್ಮೆ ಮೂರನ್ನೂ ತರಿಸಿದೆ. ಹತ್ತಿಯ ಎಳೆ ತಿರುಚಿದ ಚಪ್ಪಟೆ ಪಟ್ಟಿಯ ಹಾಗೆ. ಉಣ್ಣೆಯ ಎಳೆ ದಪ್ಪ, ಒರಟು. ಗೂಡಿನಿಂದ ನೇರವಾಗಿ ಬಿಚ್ಚಿದ ರೇಷ್ಮೆ ನೋಡುತ್ತಿದ್ದ ಏಳನೇ ತರಗತಿಯ ಹುಡುಗಿ, ಸ್ಲೈಡ್ ತೆಗೆದು ಉಫ್ ಎಂದು ಊದಿ ಮತ್ತೆ ಹಾಕಿದಳು. ಮತ್ತೆ ನೋಡಿದಳು. "ಮಿಸ್, ಇದು ಒಂದಲ್ಲ. ಎರಡು ಎಳೆ ಅಂಟ್ಕೊಂಡಿದೆ."

ಅವಳು ಹೇಳಿದ್ದು ನಿಜ. ಹುಳುವಿನ ಮೈಯಲ್ಲಿ ಎರಡು ರೇಷ್ಮೆ ಗ್ರಂಥಿಗಳಿವೆ. ಎರಡರಿಂದಲೂ ಒಂದೊಂದು ಎಳೆ ಬಂದು, ಅಂಟಿನಲ್ಲಿ ಕೂಡಿಕೊಂಡು, ಒಂದೇ ನೂಲಿನ ಹಾಗೆ ಹೊರಬರುತ್ತವೆ. ಅವಳ ಅಪ್ಪ ರೀಲರ್, ಗೂಡಿನಿಂದ ನೂಲು ತೆಗೆಯುವವರು. ಮರುದಿನ ಬಂದು ಹೇಳಿದಳು, "ಅಪ್ಪಂಗೆ ಹೇಳ್ದೆ ಮಿಸ್. ಇಷ್ಟು ವರ್ಷ ಗೂಡು ಬೇಯಿಸಿದ್ರೂ ಅವರಿಗೂ ಗೊತ್ತಿರ್ಲಿಲ್ವಂತೆ." ಆಮೇಲೆ ಕೇಳಿದಳು, ಗೂಡನ್ನು ಬಿಸಿನೀರಿಗೆ ಹಾಕೋದು ಆ ಅಂಟು ಸಡಿಲ ಆಗಲಿ ಅಂತಾನಾ ಎಂದು. ನಾನು ಉತ್ತರ ಕೊಡಲಿಲ್ಲ. ಒಂದು ತುಂಡು ನೂಲನ್ನು ಸೋಪಿನ ನೀರಲ್ಲಿ ಅರ್ಧ ಗಂಟೆ ಕುದಿಸಿ, ತೊಳೆದು, ಮತ್ತೆ ನೋಡಿದೆವು. ಎಳೆಗಳು ಬಿಟ್ಟುಕೊಂಡಿದ್ದವು. ಆವತ್ತೇ ಲೀವೆನ್‌ಹುಕ್ ಕಥೆ ಹೇಳಿದೆ. ಡೆಲ್ಫ್ಟ್ ಊರಿನ ಆ ಬಟ್ಟೆ ವ್ಯಾಪಾರಿ 1670ರ ದಶಕದಲ್ಲಿ ಇಂಥದೇ ಒಂಟಿ ಪುಟ್ಟ ಲೆನ್ಸಿನಿಂದ ನೀರಿನ ಜೀವಿಗಳನ್ನು ಕಂಡವನು. ನೂಲಿನ ಊರಿನ ಮಕ್ಕಳಿಗೆ ಬಟ್ಟೆ ವ್ಯಾಪಾರಿ ಅಂದಕೂಡಲೇ ಅವನು ನಮ್ಮವನಾದ.

ಇದರ ಬೆನ್ನಿಗೇ ಇಬ್ಬರು ಹುಡುಗರು ಬೆಂಕಿಪೊಟ್ಟಣದಲ್ಲಿ ಬೆಳ್ಳಗೆ ಸೆಟೆದುಹೋದ ಹುಳು ತಂದರು. ಸುಣ್ಣಕಟ್ಟು ರೋಗ. ಪೊಟ್ಟಣ ತೆರೆಯೋಕೆ ಬಿಡಲಿಲ್ಲ. ಆ ಬಿಳಿ ಪುಡಿ ಶಿಲೀಂಧ್ರದ ಬೀಜಕಣಗಳು. ಬಟ್ಟೆಗೆ ಅಂಟಿ ಯಾರದ್ದೋ ಹುಳು ಮನೆಗೆ ಹೋದರೆ ಇಡೀ ಬೆಳೆ ಹಾಳಾದೀತು. ಪೊಟ್ಟಣ ಸಮೇತ ಸುಟ್ಟು, ಕೈ ಕಾಲು ತೊಳೆಸಿ, ಕಥೆ ಮಾತ್ರ ಹೇಳಿದೆ. ಪ್ರಾಣಿಗೆ ರೋಗ ತರುವುದು ಒಂದು ಸೂಕ್ಷ್ಮಜೀವಿ ಎಂದು ಇಟಲಿಯ ಬಾಸ್ಸಿ 1835ರಲ್ಲಿ ತೋರಿಸಿದ್ದು ಇದೇ ರೋಗದಿಂದ. ಶಿಲೀಂಧ್ರ ನೋಡೋಕೆ ಬ್ರೆಡ್ಡಿನ ಬೂಷ್ಟು ಸಾಕು. ಅದನ್ನೂ ಮುಚ್ಚಿದ ಕವರಿನಲ್ಲಿ ಬೆಳೆಸಿ, ನಾನೇ ಸ್ಲೈಡ್ ಮಾಡಿ ಕೊಡುತ್ತೇನೆ. ರೇಷ್ಮೆಹುಳುವಿನ ಇನ್ನೊಂದು ಕಾಯಿಲೆಯಾದ ಗಂಟು ರೋಗದ ಕಣಗಳನ್ನು ಇದರಲ್ಲಿ ಗುರುತಿಸಬಹುದಾ ಎಂದು ಪೋಷಕರೊಬ್ಬರು ಕೇಳಿದ್ದರು. ಆಗಲ್ಲ. ರೇಷ್ಮೆ ಮೊಟ್ಟೆ ತಯಾರಿಸುವ ಬಿತ್ತನೆ ಕೋಠಿಗಳಲ್ಲಿ ತಾಯಿ ಚಿಟ್ಟೆಯನ್ನು ಅರೆದು ನೋಡುವ ಮೈಕ್ರೋಸ್ಕೋಪಿನ ಶಕ್ತಿಯೇ ಬೇರೆ. ಇದನ್ನು ನಂಬಿ ಮೊಟ್ಟೆ ಕೊಳ್ಳಬೇಡಿ ಎಂದು ಸ್ಪಷ್ಟವಾಗಿ ಹೇಳಿದೆ.

ಉಳಿದಂತೆ ಸುಲಭಕ್ಕೆ ಗೆಲ್ಲುವ ಪಾಠಗಳು ಹಲವು. ದಾಸವಾಳದ ಪರಾಗ ಮುಳ್ಳುಚೆಂಡಿನ ಹಾಗೆ ಕಾಣುತ್ತದೆ. ಆಲೂಗಡ್ಡೆ ಕೆರೆದ ಹಾಲಿಗೆ ಅಯೋಡಿನ್ ಹಾಕಿದರೆ ಪಿಷ್ಟದ ಕಣಗಳು ನೀಲಿ ಬೆಣಚುಕಲ್ಲುಗಳ ಹಾಗೆ. ಅಯೋಡಿನ್ ತೆಳುವಾಗಿರಲಿ, ಇಲ್ಲದಿದ್ದರೆ ಎಲ್ಲ ಕಪ್ಪು. ಒಣಹುಲ್ಲನ್ನು ಕೆರೆ ನೀರಲ್ಲಿ ಐದಾರು ದಿನ ನೆನೆಸಿಟ್ಟರೆ ಪ್ಯಾರಾಮೀಸಿಯಂ ಎಂಬ ಒಂದೇ ಕೋಶದ ಜೀವಿ ಸಿಗುತ್ತದೆ. ಅದು ಓಡಿಹೋಗುತ್ತದೆ, ಹನಿಯೊಳಗೆ ನಾಲ್ಕೆಳೆ ಹತ್ತಿ ಹಾಕಿದರೆ ಸಿಕ್ಕಿಕೊಂಡು ನಿಧಾನವಾಗುತ್ತದೆ.

ತೊಡಕುಗಳನ್ನೂ ಹೇಳಬೇಕು. ಕಣ್ಣು ಬೇಗ ದಣಿಯುತ್ತದೆ, ಹತ್ತು ನಿಮಿಷಕ್ಕೊಮ್ಮೆ ಜೋಡಿ ಬದಲಾಗಬೇಕು. ಮಳೆಗಾಲದ ಮಬ್ಬು ದಿನ ಕಿಟಕಿಯ ಬೆಳಕು ಸಾಲದು, ಟಾರ್ಚಿನ ಮುಂದೆ ಬಿಳಿ ಹಾಳೆ ಹಿಡಿಯುತ್ತೇವೆ. ಸೂರ್ಯನ ಕಡೆಗೆ ಯಾವತ್ತೂ ಹಿಡಿಯಕೂಡದು, ಇದು ನನ್ನ ತರಗತಿಯ ಮೊದಲ ನಿಯಮ. ಮಗು ಏನು ನೋಡುತ್ತಿದೆ ಎಂದು ಶಿಕ್ಷಕರಿಗೆ ಕಾಣುವುದಿಲ್ಲ. ಅದಕ್ಕೆ ಫೋನಿನ ಕ್ಯಾಮೆರಾಗೆ ಅಂಟಿಸುವ ಮ್ಯಾಗ್ನೆಟ್ ಬಿಲ್ಲೆ ಇದೆ, ಒಂದು ಫೋನ್ ಇದ್ದರೆ ಇಡೀ ತರಗತಿಗೆ ತೋರಿಸಬಹುದು. ಒಂದು ಕಣ್ಣಿನ ದೃಷ್ಟಿ ಕಡಿಮೆ ಇದ್ದ ಹುಡುಗನೊಬ್ಬ ಹಾಗೆಯೇ ಎಲ್ಲರ ಜೊತೆ ನೋಡಿದ. ಊರಲ್ಲಿ ಮದ್ರಾಸ್ ಐ ಬಂದಾಗ ಕಣ್ಣಿಗೆ ಹಿಡಿದು ಹಂಚಿಕೊಳ್ಳುವುದನ್ನು ಪೂರ್ತಿ ನಿಲ್ಲಿಸಿ, ಫೋನಿನಲ್ಲೇ ಪಾಠ ಮುಗಿಸಿದೆ. ಕೆನ್ನೆಯ ಕೋಶದ ಸ್ಲೈಡನ್ನು ಅವರವರೇ ಮಾಡಿ, ಅವರವರೇ ತೊಳೆಯಬೇಕು.

ಬಾಳಿಕೆ ಚೆನ್ನಾಗಿದೆ. ಕಾಗದ ಹರಿಯುವುದಿಲ್ಲ, ನೀರಿಗೆ ಜಗ್ಗುವುದಿಲ್ಲ. 20ರಲ್ಲಿ ಈಗಲೂ 16 ಬಳಕೆಯಲ್ಲಿವೆ. ಒಂದು ಕಳೆದುಹೋಯಿತು. ಮೂರರ ಲೆನ್ಸ್ ಮಬ್ಬಾಗಿದ್ದು ನಮ್ಮ ಕೈಯಿಂದಲೇ, ಸಕ್ಕರೆ ನೀರು ಒಣಗೋಕೆ ಬಿಟ್ಟು ಆಮೇಲೆ ಒರಟು ಬಟ್ಟೆಯಲ್ಲಿ ಉಜ್ಜಿದ್ದೆವು. ಬಳಸಿದ ದಿನವೇ ಮೆತ್ತನೆಯ ಹತ್ತಿ ಬಟ್ಟೆಯಿಂದ ಒರೆಸಿ. ಪ್ರತಿಯೊಂದಕ್ಕೂ ನಂಬರ್ ಬರೆದು, ಆ ಜೋಡಿಯ ಹೆಸರಲ್ಲಿ ರಿಜಿಸ್ಟರ್ ಇಡಿ. ನಮ್ಮದು ಅನ್ನೋ ಜವಾಬ್ದಾರಿ ಮಕ್ಕಳಿಗೆ ತಾನಾಗಿ ಬರುತ್ತದೆ.

ಶಾಲೆಗೆ ಒಂದೇ ಕೊಳ್ಳುವ ಯೋಚನೆ ಇದ್ದರೆ ಬೇಡ, ಮತ್ತೆ ಅದೇ ಸಾಲು ನಿಲ್ಲುತ್ತದೆ. ಒಂದು ಮಾಮೂಲಿ ಶಾಲಾ ಮೈಕ್ರೋಸ್ಕೋಪಿನ ದುಡ್ಡಿಗೆ ಇವು ಹಲವು ಬರುತ್ತವೆ, ಇಬ್ಬರಿಗೊಂದರಂತೆ ತರಿಸಿ. ಬ್ಯಾಕ್ಟೀರಿಯಾ ತೋರಿಸಲೇಬೇಕು ಅನ್ನುವವರು ಹಳೆಯದನ್ನು ಮಾರಬೇಡಿ. ನಮ್ಮ ಮರದ ಪೆಟ್ಟಿಗೆಯದೂ ಈಗ ಬೀರುವಿನಲ್ಲಿ ಇರುವುದಿಲ್ಲ, ಕಿಟಕಿ ಪಕ್ಕದ ಮೇಜಿನ ಮೇಲಿದೆ, ಕಾಗದದ್ದರಲ್ಲಿ ಸಾಲದ್ದನ್ನು ಮಕ್ಕಳು ಅಲ್ಲಿಗೆ ಒಯ್ಯುತ್ತಾರೆ.

ಮುಂದಿನ ವಾರಕ್ಕೆ ಏಳನೇ ತರಗತಿಯವರೇ ಒಂದು ಪ್ರಶ್ನೆ ಆರಿಸಿದ್ದಾರೆ. ಹಿಪ್ಪುನೇರಳೆ ಎಲೆಯ ಮೇಲ್ಭಾಗದಲ್ಲಿ ಪತ್ರರಂಧ್ರ (ಎಲೆ ಉಸಿರಾಡುವ ಪುಟ್ಟ ತೂತು) ಜಾಸ್ತಿಯೋ ಕೆಳಭಾಗದಲ್ಲೋ? ಎಲೆಗೆ ಬಣ್ಣವಿಲ್ಲದ ನೇಲ್ ಪಾಲಿಶ್ ಹಚ್ಚಿ, ಒಣಗಿದ ಮೇಲೆ ಸೆಲ್ಲೋಟೇಪಿನಿಂದ ಎತ್ತಿ, ಎರಡೂ ಬದಿಯ ಅಚ್ಚು ಎಣಿಸಬೇಕು. ಊಹೆಯ ಚಿತ್ರಗಳು ಈಗಾಗಲೇ ನನ್ನ ಮೇಜಿನ ಮೇಲಿವೆ. ಎಲೆ ತರುವ ಹೊಣೆ ಹಿಂದಿನ ಬೆಂಚಿನ ಮೂವರದು.