ಸೊಪ್ಪಿದೆ, ಹುಳು ಇದೆ, ಸೀರೆ ಇದೆ, ಚರಕ ಎಲ್ಲಿ?

ಚಿಕ್ಕಬಳ್ಳಾಪುರ ಜಿಲ್ಲೆಯ ಈ ಪುಟ್ಟ ಮ್ಯೂಸಿಯಂ ಹೆಸರು ಹೇಳುವುದಿಲ್ಲ. ಹೊಗಳುವುದರ ಜೊತೆ ಸ್ವಲ್ಪ ಬೈಯುವುದೂ ಇದೆ. ಕೋಣೆಗಳನ್ನು ಹೊಸದಾಗಿ ಜೋಡಿಸುವ ಮೊದಲು ಊರಿನವರನ್ನೇ ಕರೆದು ಕೇಳಿದ್ದಾರೆ ಅಂತ ಗೊತ್ತಾಗಿ ಅಮ್ಮನ ಜೊತೆ ಹೋಗಿದ್ದೆ. ನಮ್ಮದು ಶಿಡ್ಲಘಟ್ಟ, ಮನೆಯಲ್ಲಿ ರೀಲಿಂಗ್, ಅಂದರೆ ಗೂಡಿನಿಂದ ರೇಷ್ಮೆ ನೂಲು ತೆಗೆಯುವ ಕೆಲಸ. ಹಾಗಾಗಿ ಸೀದಾ ರೇಷ್ಮೆ ಕೋಣೆಗೇ ನುಗ್ಗಿದೆವು.

ಮುಂಚೆ ಇಲ್ಲಿ ಚಂದ್ರಿಕೆಗೆ (ಹುಳು ಗೂಡು ಕಟ್ಟುವ ಬಿದಿರಿನ ತಟ್ಟೆ) ಮೊಳೆ ಹೊಡೆದು ಶೋಪೀಸ್ ಥರ ಗೋಡೆಗೆ ತೂಗುಹಾಕಿದ್ದರು. ಈಗ ಕೆಳಗಿಳಿಸಿದ್ದಾರೆ. ಹುಳು ಹಣ್ಣಾಗಿ ಗೂಡು ಕಟ್ಟಲು ತಯಾರಾದಾಗ ಮನೆಗಳಲ್ಲಿ ಇಡುವ ಹಾಗೇ, ಗಾಳಿಯಾಡುವ ಪಡಸಾಲೆಯಲ್ಲಿ ಓರೆಯಾಗಿ ಒರಗಿಸಿದ್ದಾರೆ. ಬಿದಿರಿನ ಸುತ್ತುಗಳ ನಡುವೆ ನಿಜವಾದ ಗೂಡುಗಳೇ ಇವೆ. ಬೋರ್ಡಿನಲ್ಲಿ ಮೊದಲು ಹುಳುವಿನ ಲ್ಯಾಟಿನ್ ಹೆಸರು ಬಿಟ್ಟರೆ ಬೇರೇನೂ ಇರಲಿಲ್ಲ. ಈಗ ಹುಳು ಸಾಕುವ ಹೆಂಗಸರ ಮಾತನ್ನೇ ಬರೆದಿದ್ದಾರೆ: ‘ನಾಲ್ಕನೇ ಜ್ವರ ಎದ್ದ ಮೇಲೆ ಹುಳುವಿಗೆ ಎಷ್ಟು ಸೊಪ್ಪು ಹಾಕಿದರೂ ಸಾಲದು, ನಮಗೆ ನಿದ್ದೆ ಇಲ್ಲ.’ (ಜ್ವರ ಅಂದರೆ ಹುಳು ಸೊಪ್ಪು ತಿನ್ನುವುದು ಬಿಟ್ಟು ಪೊರೆ ಕಳಚುವ ಹೊತ್ತು.) ಅಮ್ಮ ಅದನ್ನು ಓದಿ ಜೋರಾಗಿ ನಕ್ಕರು.

ತಮಟೆಯೂ ಗಾಜಿನ ಪೆಟ್ಟಿಗೆಯಿಂದ ಹೊರಗೆ ಬಂದಿದೆ. 2023ರಲ್ಲಿ ಪದ್ಮಶ್ರೀ ಬಂದ ತಮಟೆ ಕಲಾವಿದ ಪಿಂಡಿಪಾಪನಹಳ್ಳಿ ಮುನಿವೆಂಕಟಪ್ಪನವರ ಜಿಲ್ಲೆಯಲ್ಲಿ ತಮಟೆಗೆ ಬೀಗ ಹಾಕಿಡುವುದೇ? ಬಡಿಯುವವರು ಕೇಳಿಕೊಂಡಂತೆ ಅಂಗಳದಲ್ಲಿ ಬೆಂಕಿ ಹಾಕಿ ಚರ್ಮ ಕಾಯಿಸಲು ಜಾಗವನ್ನೂ ಬಿಟ್ಟಿದ್ದಾರೆ. ಕಾಯಿಸದೆ ಬಡಿದರೆ ಸದ್ದು ಏಳುವುದಿಲ್ಲ ಅಲ್ವಾ. ಮಕ್ಕಳೂ ಬಡಿಯಬಹುದು, ಯಾರೂ ಗದರುವುದಿಲ್ಲ.

ವೀರಗಲ್ಲುಗಳು ಮಾತ್ರ ಇನ್ನೂ ಶೌಚಾಲಯದ ಪಕ್ಕದಲ್ಲೇ ಇವೆ.

ಇನ್ನು ಬೈಗುಳ. ಸಭೆ ಕರೆದದ್ದು ವಾರದ ನಡುವೆ, ಬೆಳಿಗ್ಗೆ ಹೊತ್ತಿನಲ್ಲಿ. ಆಗ ಗೂಡಿನ ಮಾರ್ಕೆಟ್ಟಿನಲ್ಲಿ ಹರಾಜು ನಡೆಯುತ್ತಿರುತ್ತದೆ. ಅದನ್ನು ಬಿಟ್ಟು ಯಾವ ರೀಲರ್ ಬರುತ್ತಾನೆ? ಬಂದವರು ಹೇಳಿದ್ದೆಲ್ಲ ಕೋಣೆಯಲ್ಲಿದೆ, ಬಾರದವರದ್ದು ಇಲ್ಲ. ಸೊಪ್ಪು, ಹುಳು, ಗೂಡು ಅಂತ ಚೆನ್ನಾಗಿ ತೋರಿಸಿ ಅಲ್ಲಿಂದ ಒಂದೇ ಸಲ ಸೀರೆಗೆ ಹಾರಿದ್ದಾರೆ. ಗೂಡು ಬೇಯಿಸುವ ಬಾಣಲೆ ಇಲ್ಲ, ಗೂಡಿನ ಎಳೆ ಸುತ್ತುವ ಚರಕ ಇಲ್ಲ. ಬಿಸಿನೀರಿನಲ್ಲಿ ಎಳೆ ಹುಡುಕಿ ಹುಡುಕಿ ಬೆರಳು ಬಿಳಿಚಿಕೊಂಡು ಸುಕ್ಕಾಗುವ ಕೆಲಸದ ಬಗ್ಗೆ ಒಂದು ಸಾಲೂ ಇಲ್ಲ. ಅದೂ ಶಿಡ್ಲಘಟ್ಟಕ್ಕೆ ಇಷ್ಟು ಹತ್ತಿರ ಇದ್ದುಕೊಂಡು! ನಮ್ಮ ಅಟ್ಟದ ಮೇಲಿರುವ ಹಳೇ ಚರಕ ಕೊಡುತ್ತೇವೆ ಅಂತ ಅಮ್ಮ ಅಲ್ಲೇ ಹೇಳಿದರು. ನಂಬರ್ ಬರೆದುಕೊಂಡಿದ್ದಾರೆ, ಫೋನ್ ಇನ್ನೂ ಬಂದಿಲ್ಲ.

ಮಕ್ಕಳನ್ನು ಕರೆದುಕೊಂಡು ಹೋಗುವವರು ಬೆಳಿಗ್ಗೆಯೇ ಹೋಗಿ. ಪಡಸಾಲೆಗೆ ಶೀಟು ಹಾಕಿದ್ದಾರೆ, ಮಧ್ಯಾಹ್ನ ಸೆಕೆ ಜಾಸ್ತಿ. ಐದಕ್ಕೆ ಮೂರೂವರೆ ಕೊಡುತ್ತೇನೆ. ಮುಂದಿನ ಸಭೆ ಸಂಜೆ ಕರೆದರೆ ನಾಲ್ಕು.