ತುಂಬಿದ ಡಿಸ್ಕಿಗೆ ಎನ್‌ಸಿಡಿಯು: ಬಳಸಿ ನೋಡಿದ ಮೇಲೆ

ಉಡುಪಿಯ ಕಲ್ಸಂಕದ ಬಳಿಯ ನಮ್ಮ ಚಿಕ್ಕ ಡಿಟಿಪಿ ಅಂಗಡಿಯಲ್ಲಿ ಉಬುಂಟು ಎಂಬ ಲಿನಕ್ಸ್ ಕಾರ್ಯಾಚರಣಾ ವ್ಯವಸ್ಥೆ ಹಾಕಿದ ಹಳೆಯ ಲ್ಯಾಪ್‌ಟಾಪ್ ಒಂದಿದ್ದು, ಅದರ ಡಿಸ್ಕಿನ ಸಾಮರ್ಥ್ಯ ಕೇವಲ 32 ಜಿಬಿ. ಮದುವೆಯ ಮತ್ತು ನೇಮೋತ್ಸವದ ಆಮಂತ್ರಣ ಪತ್ರಿಕೆಗಳು ಒಟ್ಟಿಗೇ ಬಂದು ಬೀಳುವ ಏಪ್ರಿಲ್ ತಿಂಗಳಲ್ಲಿ ಅದಕ್ಕೆ ಪುಟವಿನ್ಯಾಸದ ತಂತ್ರಾಂಶ ಸ್ಕ್ರೈಬಸ್ ಹಾಕಲು ಹೊರಟಾಗ, ಇಳಿಸಿಕೊಂಡ ಪ್ಯಾಕೇಜುಗಳನ್ನು (ತಂತ್ರಾಂಶದ ಕಟ್ಟುಗಳನ್ನು) ಇಡಲು ಜಾಗವಿಲ್ಲವೆಂದು, ಉಬುಂಟುವಿನಲ್ಲಿ ತಂತ್ರಾಂಶ ಹಾಕಿಕೊಡುವ ಆಪ್ಟ್ ಕೈಚೆಲ್ಲಿತು. ಜಾಗ ಎಲ್ಲಿ ಹೋಯಿತೆಂದು ಹುಡುಕಲು ನಾನು ಆರಿಸಿಕೊಂಡದ್ದು ಎನ್‌ಸಿಡಿಯು ಎಂಬ ಉಚಿತ, ಮುಕ್ತ ತಂತ್ರಾಂಶವನ್ನು.

ಆದರೆ ಜಾಗ ಹುಡುಕುವ ತಂತ್ರಾಂಶವನ್ನು ಹಾಕಲಿಕ್ಕೂ ಒಂದಿಷ್ಟು ಜಾಗ ಬೇಕಷ್ಟೆ! ಮೊದಲು 'ಸುಡೊ ಆಪ್ಟ್ ಕ್ಲೀನ್' ಆದೇಶದಿಂದ ('ಸುಡೊ' ಎಂದರೆ ನಿರ್ವಾಹಕರ ಅಧಿಕಾರದಿಂದ ಓಡಿಸುವುದು) ಹಿಂದೆ ಇಳಿಸಿಕೊಂಡಿದ್ದ ಪ್ಯಾಕೇಜುಗಳ ಡೆಬ್ ಕಡತಗಳನ್ನು ತೆಗೆಯಬೇಕಾಯಿತು. ಇದರಿಂದ ಸ್ಕ್ರೈಬಸ್ ಇಳಿಸಿಕೊಳ್ಳುವಷ್ಟು ಜಾಗವೂ ಸಿಕ್ಕಿತು. ಬಿಚ್ಚಿ ಅನುಸ್ಥಾಪಿಸಲು ಬೇಕಾದ ಜಾಗ ಮಾತ್ರ ಸಾಲಲಿಲ್ಲ. ಆಪ್ಟ್ ಈ ಎರಡು ಅಂಕೆಗಳನ್ನು ಬೇರೆಬೇರೆಯಾಗಿಯೇ ತೋರಿಸುತ್ತದೆ, ನಾವು ಓದದೆ ಹೌದೆನ್ನುವ 'ವೈ' ಒತ್ತುತ್ತೇವೆ.

ಎನ್‌ಸಿಡಿಯು ಆದೇಶಗಳನ್ನು ಟೈಪಿಸುವ ಟರ್ಮಿನಲ್ಲಿನಲ್ಲಿ ನಡೆಯುತ್ತದೆ. ಫೋಲ್ಡರುಗಳನ್ನು ಗಾತ್ರದ ಕ್ರಮದಲ್ಲಿ ಜೋಡಿಸಿ, ಬಾಣದ ಕೀಲಿಗಳಿಂದ ಒಳಗಿಳಿಯುತ್ತಾ ಹೋಗಲು ಬಿಡುತ್ತದೆ. ಸುಡೊ ಇಲ್ಲದೆ ಓಡಿಸಿದರೆ ವ್ಯವಸ್ಥೆಯ ಹಲವು ಫೋಲ್ಡರುಗಳನ್ನು ಅದು ಓದಲಾರದು. 'ಎಕ್ಸ್' ಆಯ್ಕೆ ಕೊಡದಿದ್ದರೆ ಸಿಕ್ಕಿಸಿದ ಪೆನ್‌ಡ್ರೈವನ್ನೂ ಲೆಕ್ಕಕ್ಕೆ ಸೇರಿಸಿಬಿಡುತ್ತದೆ. ಎರಡನ್ನೂ ಸರಿಪಡಿಸಿಕೊಂಡ ಮೇಲೆ ಉತ್ತರ ಎದುರಿಗೇ ಇತ್ತು: ವ್ಯವಸ್ಥೆಯ ಸೇವೆಗಳನ್ನು ನಡೆಸುವ ಸಿಸ್ಟಮ್‌ಡಿಯ ಜರ್ನಲ್ ಲಾಗುಗಳೇ (ನಡೆದದ್ದನ್ನೆಲ್ಲ ಬರೆದಿಡುವ ದಾಖಲೆಗಳೇ) ಎರಡು ಜಿಬಿ ದಾಟಿದ್ದವು. ಡಿಸ್ಕಿನ ಶೇ. 10ರವರೆಗೆ, ಗರಿಷ್ಠ 4 ಜಿಬಿಯಷ್ಟು ಬೆಳೆಯಲು ಜರ್ನಲ್ಲಿಗೆ ಮೊದಲಿನಿಂದಲೇ ಅನುಮತಿಯಿದೆ. ಜೊತೆಗೆ ಸ್ನ್ಯಾಪ್ ಎಂಬ ಇನ್ನೊಂದು ಬಗೆಯ ಪ್ಯಾಕೇಜುಗಳ ಹಿಂದಿನ ಆವೃತ್ತಿಗಳು ಮತ್ತು ಹಳೆಯ ಕರ್ನಲ್ಲುಗಳು (ಕಾರ್ಯಾಚರಣಾ ವ್ಯವಸ್ಥೆಯ ತಿರುಳಿನ ಹಿಂದಿನ ಪ್ರತಿಗಳು) ಉಳಿದುಕೊಂಡಿದ್ದವು.

ಈ ತಂತ್ರಾಂಶದ ಬಗ್ಗೆ ನನ್ನ ಮುಖ್ಯ ಆಕ್ಷೇಪ ಇಲ್ಲಿಂದ ಆರಂಭವಾಗುತ್ತದೆ. 'ಡಿ' ಒತ್ತಿ, ಕೇಳಿದ ಪ್ರಶ್ನೆಗೆ ಹೌದೆಂದರೆ ಆಯ್ದ ಫೋಲ್ಡರ್ ಅಳಿದುಹೋಗುತ್ತದೆ. ಅದು ಯಾವ ಪ್ಯಾಕೇಜಿಗೆ ಸೇರಿದ್ದೆಂದು ಎನ್‌ಸಿಡಿಯುಗೆ ತಿಳಿಯದು. ಹಳೆಯ ಕರ್ನಲ್ಲಿನ ಮಾಡ್ಯೂಲುಗಳ (ಬಿಡಿಭಾಗಗಳ) ಫೋಲ್ಡರನ್ನು ನಾನು ಹಾಗೆಯೇ ಗುಡಿಸಿಹಾಕಿದೆ. ಕಡತಗಳು ಹೋದವು, ಹಾಕಿದ ಪ್ಯಾಕೇಜುಗಳ ಲೆಕ್ಕವಿಡುವ ಡಿಪಿಕೆಜಿಯ ದಾಖಲೆಯಲ್ಲಿ ಮಾತ್ರ ಆ ಕರ್ನಲ್ ಇದ್ದೇ ಇತ್ತು, ಅದನ್ನು ಮತ್ತೆ ಸರಿಯಾಗಿ ತೆಗೆಸುವುದು ಇಮ್ಮಡಿ ಕೆಲಸವಾಯಿತು. ಉಳಿದ ಹಳೆಯ ಕರ್ನಲ್ಲುಗಳನ್ನು 'ಆಪ್ಟ್ ಆಟೊರಿಮೂವ್' ಮೂಲಕವೂ, ಲಾಗುಗಳನ್ನು ಜರ್ನಲ್‌ಸಿಟಿಎಲ್ ಆದೇಶದ ವ್ಯಾಕ್ಯೂಮ್ ಆಯ್ಕೆಯಿಂದ 100 ಎಂಬಿಗೆ ಇಳಿಸುವ ಮೂಲಕವೂ ತೆಗೆದೆ. ಹಿಡಿಸೂಡಿಯಾಗಿ ಇದನ್ನು ಬಳಸಬೇಡಿ. ಅಳಿಸಲು ಬಿಡದ 'ಆರ್' ಆಯ್ಕೆಯೊಂದಿಗೇ ತೆರೆಯಿರಿ.

ಇನ್ನೊಂದು ಮಿತಿಯೂ ಇದೆ. ಅಳಿಸಿದ ಬಳಿಕವೂ ಯಾವುದೋ ಪ್ರೋಗ್ರಾಮ್ ತೆರೆದಿಟ್ಟುಕೊಂಡಿರುವ ಕಡತದ ಜಾಗ ಬಿಡುಗಡೆಯಾಗುವುದಿಲ್ಲ, ಎನ್‌ಸಿಡಿಯು ಪಟ್ಟಿಯಲ್ಲಿ ಅದು ಕಾಣುವುದೂ ಇಲ್ಲ. ಡಿಸ್ಕಿನಲ್ಲಿ ಬಳಕೆಯಾದ ಜಾಗವನ್ನು ತಿಳಿಸುವ 'ಡಿಎಫ್' ಆದೇಶ ಹೇಳುವ ಮೊತ್ತಕ್ಕೂ ಇದರ ಮೊತ್ತಕ್ಕೂ ದೊಡ್ಡ ಅಂತರ ಕಂಡರೆ ಒಮ್ಮೆ ರೀಸ್ಟಾರ್ಟ್ ಮಾಡಿ ನೋಡುವುದು ಒಳ್ಳೆಯದು.

ಟರ್ಮಿನಲ್ಲಿಗೆ ಹಿಂಜರಿಯುವವರಿಗೆ ಗ್ನೋಮ್ ಎಂಬ ಡೆಸ್ಕ್‌ಟಾಪ್ ಪರಿಸರದ ಬಾವೊಬಾಬ್ ತಂತ್ರಾಂಶ ಇದೇ ಲೆಕ್ಕವನ್ನು ಬಣ್ಣದ ವರ್ತುಲಗಳಲ್ಲಿ ತೋರಿಸುತ್ತದೆ. ನಮ್ಮಲ್ಲಿ ಟೈಪಿಂಗ್ ಮಾಡುವವರು ಅದನ್ನೇ ಮೆಚ್ಚಿದರು. ಇಂತಹ ಬಡಕಲು ಲ್ಯಾಪ್‌ಟಾಪಿನಲ್ಲಿ ನನಗೆ ಎನ್‌ಸಿಡಿಯುವೇ ಹಗುರವೆನಿಸಿದ್ದರಿಂದ, ಸ್ಕ್ರೈಬಸ್ ಹಾಕಿ ಮುಗಿದ ಮೇಲೂ ಅದನ್ನು ತೆಗೆಯದೆ ಉಳಿಸಿಕೊಂಡಿದ್ದೇನೆ.