ತೋಟದ ಲೆಕ್ಕಕ್ಕೆ ಯಾವ ಡೇಟಾಬೇಸ್ ಮಿಷನ್? ಟಿ4ಜಿ, ಎಂ6ಜಿ, ಆರ್6ಜಿ ಪಕ್ಕಪಕ್ಕ ಇಟ್ಟಾಗ

ಕೊಡಗಿನ ಕಾಫಿ ತೋಟಗಳ ಲೆಕ್ಕ ಹೊರುವ ಡೇಟಾಬೇಸಿಗೆ ದಿನವಿಡೀ ಒಂದೇ ಹದದ ಕೆಲಸ ಇರುವುದಿಲ್ಲ. ಬೆಳಿಗ್ಗೆ ಹಾಜರಿ ಹಿಡಿದ ಮೇಲೆ ಮಧ್ಯಾಹ್ನದವರೆಗೆ ಹೆಚ್ಚೇನೂ ನಡೆಯದು. ಸಂಜೆ ಕೊಯ್ದ ಹಣ್ಣು ತೂಕಕ್ಕೆ ಬಂದಾಗ ಸೋಮವಾರಪೇಟೆಯಿಂದ ಪೊನ್ನಂಪೇಟೆವರೆಗೆ ರೈಟರುಗಳ, ಅಂದರೆ ತೋಟದ ಲೆಕ್ಕ ಬರೆಯುವವರ, ಫೋನುಗಳೆಲ್ಲ ಒಟ್ಟಿಗೇ ಬರೆಯತೊಡಗುತ್ತವೆ. ಮಳೆಗಾಲದ್ದು ಬೇರೆಯೇ ಪಾಡು. ಕರೆಂಟು ಹೋಗಿ ಟವರೂ ಹೋದರೆ ಮಳೆಮಾಪಕ, ಮಣ್ಣಿನ ತೇವದ ಸೆನ್ಸರುಗಳು ರೀಡಿಂಗನ್ನು ಒಳಗೇ ಕೂಡಿಟ್ಟುಕೊಂಡು, ನೆಟ್‌ವರ್ಕ್ ಬಂದೊಡನೆ ಒಂದೇ ಉಸಿರಿಗೆ ಸುರಿಯುತ್ತವೆ. ಕಾಫಿ ಗಿಡ ಹೂ ಬಿಡಿಸುವ ಹೂಮಳೆ ಬಿದ್ದ ಮರುಬೆಳಿಗ್ಗೆ ಬರವಣಿಗೆ ಕಡಿಮೆ, ಓದು ಜಾಸ್ತಿ: ನಮ್ಮಲ್ಲಿ ಎಷ್ಟು ಸೆಂಟು (ಇಂಚಿನ ನೂರನೇ ಒಂದು ಪಾಲು) ಬಿತ್ತು, ಪಕ್ಕದ ನಾಡಿಗೆ ಎಷ್ಟು ಬಿತ್ತು ಎಂದು ಎಲ್ಲರೂ ಕಾಫಿ ಕುಡಿಯುವ ಹೊತ್ತಿಗೇ ನೋಡುತ್ತಾರೆ.

ಇಂಥ ಏರಿಳಿತಕ್ಕೆ ಅಮೆಜಾನಿನ ಬಾಡಿಗೆ ಡೇಟಾಬೇಸ್ ಸೇವೆ ಆರ್‌ಡಿಎಸ್‌ನ ಮುಂಬೈ ವಲಯದಲ್ಲಿ ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸ್ ಹಾಕಿ ಪಕ್ಕಪಕ್ಕ ಓಡಿಸಿದ್ದು ಮೂರು ಮಿಷನ್: ಟಿ4ಜಿ ಮೀಡಿಯಂ, ಎಂ6ಜಿ ಲಾರ್ಜ್, ಆರ್6ಜಿ ಲಾರ್ಜ್. ಮೂರಕ್ಕೂ 2 ವಿಸಿಪಿಯು (ಬಾಡಿಗೆಗೆ ಸಿಗುವ ಪ್ರೊಸೆಸರ್ ಕೋರ್). ಮೆಮರಿ ಮಾತ್ರ ಕ್ರಮವಾಗಿ 4, 8, 16 ಜಿಬಿ. ಮೂರರ ಚಿಪ್ಪೂ ಅಮೆಜಾನಿನದೇ ಆದ ಗ್ರಾವಿಟಾನ್ 2. ಬೇಕಾದ ಪುಟಗಳೆಲ್ಲ (ಡೇಟಾದ 8 ಕೆಬಿ ತುಂಡುಗಳು) ಮೆಮರಿಯಲ್ಲೇ ಇದ್ದರೆ ಒಂದೇ ಕ್ವೆರಿ ಮೂರರಲ್ಲೂ ಹೆಚ್ಚುಕಡಿಮೆ ಒಂದೇ ಹೊತ್ತಿಗೆ ಮುಗಿಯುತ್ತದೆ.

ಪರೀಕ್ಷೆ ಮಾಡುವಾಗಲೇ ಎಡವುವ ಜಾಗ ಎರಡಿವೆ. ಒಂದೇ ಸ್ನ್ಯಾಪ್‌ಶಾಟ್‌ನಿಂದ (ಡಿಸ್ಕಿನ ಉಳಿಸಿಟ್ಟ ಪ್ರತಿ) ಮೂರನ್ನೂ ಎಬ್ಬಿಸುವುದು ಸರಿಯಾದ ಕ್ರಮ, ಆದರೆ ಹಾಗೆ ಎದ್ದ ಡಿಸ್ಕಿನಲ್ಲಿ ಡೇಟಾ ಪೂರ್ತಿ ಇರುವುದಿಲ್ಲ. ಮುಟ್ಟಿದ ತುಣುಕು ಮಾತ್ರ ಆಗ ಹಿಂದಿನಿಂದ ಇಳಿದು ಬರುತ್ತದೆ. ಆದ್ದರಿಂದ ಮೊದಲು ಎಲ್ಲ ಟೇಬಲ್, ಇಂಡೆಕ್ಸ್‌ಗಳನ್ನು ಪೋಸ್ಟ್‌ಗ್ರೆಸ್‌ನ ಪಿಜಿ ಪ್ರಿವಾರ್ಮ್ ಎಂಬ ಸಲಕರಣೆಯಿಂದ ಒಮ್ಮೆ ಓದಿಸಬೇಕು. ಎರಡನೆಯದು ಇನ್ನೂ ಮೋಸದ್ದು. ವೇಗ ಅಳೆಯುವ ಪಿಜಿಬೆಂಚನ್ನು 10 ನಿಮಿಷ ಓಡಿಸಿದರೆ ಅಗ್ಗದ ಮಿಷನ್ನೂ ದುಬಾರಿಯದೂ ಸಮಾ ಕಾಣುತ್ತವೆ. ಕ್ಲೌಡಿನಲ್ಲಿ ಸಣ್ಣ ಮಿಷನ್ನಿಗೆ ಸ್ವಲ್ಪ ಹೊತ್ತು ಮೈಮೀರಿ ದುಡಿಯುವ ಸಾಲ ಕೊಟ್ಟಿರುತ್ತಾರೆ, ಆ ಸಾಲ ತೀರಿದ ಮೇಲಿನ ವೇಗವೇ ಅದರ ನಿಜವಾದ ವೇಗ. ಕನಿಷ್ಠ 2 ಗಂಟೆ ಓಡಿಸಿ, ಮೊದಲ 40 ನಿಮಿಷದ ಅಂಕಿಗಳನ್ನು ಬದಿಗಿಡಿ.

ಸಿಪಿಯು ವಿಷಯ ಬೇಗ ಮುಗಿಯುತ್ತದೆ. ಟಿ4ಜಿ ಮೀಡಿಯಂಗೆ ಸಾಲವಿಲ್ಲದೆ ಸದಾ ಸಿಗುವ ಮೂಲ ಪಾಲು ಪ್ರತಿ ವಿಸಿಪಿಯುವಿಗೆ ಶೇ. 20. ಗಂಟೆಗೆ 24 ಕ್ರೆಡಿಟ್ (ಒಂದು ಕೋರ್ ಒಂದು ನಿಮಿಷ ಪೂರ್ತಿ ದುಡಿದರೆ ಒಂದು ಖರ್ಚು) ಸೇರುತ್ತದೆ, ಹೆಚ್ಚೆಂದರೆ 576 ಕೂಡಿಡಬಹುದು. ಎರಡೂ ಕೋರ್ ಪೂರ್ತಿ ದುಡಿದರೆ ಗಂಟೆಗೆ 120 ಖರ್ಚು, ಸೇರುವ 24 ಕಳೆದರೆ 96, ಅಂದರೆ ತುಂಬಿದ ಚೀಲ 6 ಗಂಟೆ ಬಾಳುತ್ತದೆ. ಅದು ಖಾಲಿಯಾದರೆ ಮಿಷನ್ ನಿಧಾನವಾಗುತ್ತದೆ ಎಂಬ ಮಾತು ಎಲ್ಲೆಡೆ ಇದೆ, ಆದರೆ ಆರ್‌ಡಿಎಸ್‌ನಲ್ಲಿ ಟಿ4ಜಿ ಯಾವಾಗಲೂ ಅನ್‌ಲಿಮಿಟೆಡ್ ಮೋಡಿನಲ್ಲೇ ಓಡುವುದು. ವೇಗ ಇಳಿಯದು, ಬಿಲ್ಲು ಏರುತ್ತದೆ. ಸಂಜೆ ಒಂದೂವರೆ ಗಂಟೆಯ ತೂಕಕ್ಕೆ ಅದರ ಭಯವೇ ಬೇಡ.

ಕಾಡುವುದು ಡಿಸ್ಕು. ಅಮೆಜಾನಿನ ಹಳೆಯ ಬಗೆಯ ಜಿಪಿ2 ಡಿಸ್ಕಿನಲ್ಲಿ ಪ್ರತಿ ಜಿಬಿಗೆ 3 ಐಒಪಿಎಸ್ (ಸೆಕೆಂಡಿಗೆ ಎಷ್ಟು ಸಲ ಓದು-ಬರಹ ಎಂಬ ಲೆಕ್ಕ). 100 ಜಿಬಿ ತೆಗೆದುಕೊಂಡವರಿಗೆ ಶಾಶ್ವತವಾಗಿ ಸಿಗುವುದು 300. ಸಾಲವಾಗಿ 3000 ತನಕ ಏರಬಹುದು, 54 ಲಕ್ಷ ಕ್ರೆಡಿಟ್ ಮುಗಿಯುವವರೆಗೆ, ಅಂದರೆ ಸೇರುತ್ತಲೇ ಇರುವ 300 ಕಳೆದು 2000 ಸೆಕೆಂಡ್, ಸುಮಾರು 33 ನಿಮಿಷ. ಮತ್ತೆ ತುಂಬಲು ಸುಮ್ಮನಿದ್ದರೂ 5 ಗಂಟೆ ಬೇಕು. ಮಾಮೂಲಿ ಸಂಜೆಗೆ ಇದು ಸಾಕು. ಭಾಗಮಂಡಲದ ಕಡೆ ಎರಡು ದಿನ ಸಂಪರ್ಕ ಕಡಿದು ಮೂರನೆಯ ದಿನ ಎಲ್ಲವೂ ಒಟ್ಟಿಗೆ ಬಂದರೆ ಸಾಲದು. ಲೆಕ್ಕ ಹಾಕಿ: 400 ತೋಟ, ತೋಟಕ್ಕೆ 10 ಸೆನ್ಸರ್, 5 ನಿಮಿಷಕ್ಕೊಂದು ರೀಡಿಂಗ್ ಎಂದರೆ ದಿನಕ್ಕೆ 11,52,000 ಸಾಲು. ಹರಡಿಕೊಂಡು ಬಂದರೆ ಸೆಕೆಂಡಿಗೆ 13 ಸಾಲು, ಏನೂ ಅಲ್ಲ. ಒಂದೇ ಸಲ ಬಂದರೆ, ಅದೂ ಒಂದೊಂದು ಸಾಲಿಗೆ ಒಂದೊಂದು ಕಮಿಟ್ (ಡಿಸ್ಕಿಗೆ ಖಾತ್ರಿ ಬರಹ) ಆದರೆ, 34ನೆಯ ನಿಮಿಷಕ್ಕೆ ಡಿಸ್ಕು ಕುಸಿಯುತ್ತದೆ. ಆಗ ಸಿಪಿಯು ಗ್ರಾಫ್ ತಣ್ಣಗಿರುತ್ತದೆ, ಡಿಸ್ಕಿನ ಸರದಿ ಮಾತ್ರ ಬೆಳೆಯುತ್ತಾ ಹೋಗುತ್ತದೆ. 

ಹೊಸ ಬಗೆಯ ಜಿಪಿ3ಕ್ಕೆ ಬದಲಿಸಿದರೆ 20 ಜಿಬಿಗೂ 3000 ಐಒಪಿಎಸ್, ಸೆಕೆಂಡಿಗೆ 125 ಎಂಬಿ, ಸಾಲವಿಲ್ಲದೆ. ಹೊಸದಾಗಿ ಶುರುಮಾಡುವವರು ಜಿಪಿ2 ಕಡೆ ತಿರುಗಿಯೂ ನೋಡಬೇಕಿಲ್ಲ. ಪೋಸ್ಟ್‌ಗ್ರೆಸ್‌ಗೆ 400 ಜಿಬಿ ದಾಟಿದರೆ ಅದೇ ಜಿಪಿ3 ಒಮ್ಮೆಗೇ 12,000ಕ್ಕೆ ಜಿಗಿಯುತ್ತದೆ. ಆ ಆಸೆಗೆ ಬೀಳಬೇಡಿ. ಡಿಸ್ಕ್ ಎಷ್ಟೇ ಕೊಟ್ಟರೂ ಮಿಷನ್ನಿನಿಂದ ಡಿಸ್ಕಿಗೆ ಹೋಗುವ ದಾರಿಗೆ ಅದರದೇ ಅಗಲ ಇದೆ. ಟಿ4ಜಿ ಮೀಡಿಯಂಗೆ ನಿರಂತರವಾಗಿ 2000 ಐಒಪಿಎಸ್, ಸೆಕೆಂಡಿಗೆ ಸುಮಾರು 43 ಎಂಬಿ. ಎಂ6ಜಿ ಲಾರ್ಜ್, ಆರ್6ಜಿ ಲಾರ್ಜ್ ಎರಡಕ್ಕೂ 3600, ಸುಮಾರು 79 ಎಂಬಿ. ಅದರ ಮೇಲಿನದೆಲ್ಲ ದಿನಕ್ಕೆ ಅರ್ಧ ಗಂಟೆಯ ಲೆಕ್ಕದ ಸಾಲ. ಲಾರ್ಜ್ ಮಿಷನ್ನಿಗೆ 12,000ದ ಡಿಸ್ಕು ಹಾಕುವುದೆಂದರೆ ಅರ್ಧ ಇಂಚಿನ ಪೈಪಿಗೆ ಕೆರೆ ಜೋಡಿಸಿದ ಹಾಗೆ. ಮೇಲಾಗಿ ಆರ್‌ಡಿಎಸ್ ಡಿಸ್ಕನ್ನು ಹಿಗ್ಗಿಸಿದಷ್ಟು ಸಲೀಸಾಗಿ ಕುಗ್ಗಿಸಲು ಬರುವುದಿಲ್ಲ. ಉಳಿದ ಸಾಲವನ್ನು ತೋರಿಸುವ ಇಬಿಎಸ್ (ಅಮೆಜಾನಿನ ಡಿಸ್ಕ್ ಸೇವೆ) ಐಒ ಬ್ಯಾಲೆನ್ಸ್, ಇಬಿಎಸ್ ಬೈಟ್ ಬ್ಯಾಲೆನ್ಸ್ ಎಂಬ ಎರಡು ಅಳತೆಗಳಿಗೆ ಶೇ. 50ಕ್ಕೆ ಅಲಾರಂ ಇಟ್ಟರೆ ಸಾಲ ಕರಗುವುದು ಮೊದಲೇ ತಿಳಿಯುತ್ತದೆ.

ಇನ್ನು ಮೆಮರಿ. ಮೇಲಿನ ಲೆಕ್ಕದಲ್ಲಿ 90 ದಿನಕ್ಕೆ 10 ಕೋಟಿ ಚಿಲ್ಲರೆ ಸಾಲು. ಸಾಲಿಗೆ 60 ಬೈಟ್ ಹಿಡಿದರೆ ಟೇಬಲ್ 6 ಜಿಬಿ, ಸೆನ್ಸರ್ ಮತ್ತು ಸಮಯದ ಇಂಡೆಕ್ಸ್ 3ರಿಂದ 4 ಜಿಬಿ. ಒಟ್ಟು 10 ಜಿಬಿ ಆಸುಪಾಸು. ಇದು ಆರ್6ಜಿಯಲ್ಲಿ ಮಾತ್ರ ಪೂರ್ತಿ ಕೂರುತ್ತದೆ. ಕೂರದಿದ್ದರೆ 6 ಜಿಬಿ ಟೇಬಲನ್ನು ಡಿಸ್ಕಿನಿಂದ ಒಮ್ಮೆ ಓದಲು, ಸಾಲ ತೀರಿದ ಮೇಲೆ, ಟಿ4ಜಿ ಮೀಡಿಯಂಗೆ ಸುಮಾರು 140 ಸೆಕೆಂಡ್, ಎಂ6ಜಿಗೆ 76. ಹೂಮಳೆಯ ಬೆಳಿಗ್ಗೆ ಅಷ್ಟು ಹೊತ್ತು ಯಾರೂ ಕಾಯುವುದಿಲ್ಲ.

ಹಾಗೆಂದು ನೇರ ಆರ್6ಜಿ ಕೊಳ್ಳುವ ಮುಂಚೆ ಟೇಬಲನ್ನು ತಿಂಗಳವಾರು ಪಾರ್ಟಿಷನ್ ಮಾಡಿ. ದಿನಬಳಕೆಗೆ ಬೇಕಾದ ಭಾಗ 3.5 ಜಿಬಿಗೆ ಇಳಿಯುತ್ತದೆ, 8 ಜಿಬಿ ಮಿಷನ್ನಿನಲ್ಲಿ ಆರಾಮವಾಗಿ ಹಿಡಿಸುತ್ತದೆ. ಸಾಲಿನ ಗುರುತಿಗೆ ಯಾದೃಚ್ಛಿಕ ಯುಯುಐಡಿ (ಕ್ರಮವಿಲ್ಲದೆ ಹುಟ್ಟುವ ಉದ್ದ ಗುರುತು) ಬೇಡ: ಒಂದೊಂದು ಸಾಲೂ ಇಂಡೆಕ್ಸಿನ ಒಂದೊಂದು ಮೂಲೆ ಮುಟ್ಟುತ್ತದೆ, ಚೆಕ್‌ಪಾಯಿಂಟ್ (ಮೆಮರಿಯಲ್ಲಿ ಬದಲಾದದ್ದನ್ನೆಲ್ಲ ಡಿಸ್ಕಿಗೆ ಇಳಿಸುವುದು) ಆದಮೇಲೆ ಮೊದಲ ಸಲ ಮುಟ್ಟಿದ ಪ್ರತಿ ಪುಟವನ್ನೂ ಪೋಸ್ಟ್‌ಗ್ರೆಸ್ 8 ಕೆಬಿ ಇಡಿಯಾಗಿ ಲಾಗಿಗೆ ಬರೆಯುತ್ತದೆ. ಚೆಕ್‌ಪಾಯಿಂಟ್ ಅಂತರವನ್ನು 5ರಿಂದ 15 ನಿಮಿಷಕ್ಕೆ ಏರಿಸಿ, 200 ರೀಡಿಂಗಿಗೆ ಒಂದು ಟ್ರಾನ್ಸಾಕ್ಷನ್ ಮಾಡಿದರೆ ಬರವಣಿಗೆಯ ಭಾರ ಚೆನ್ನಾಗಿಯೇ ಇಳಿಯುತ್ತದೆ.

ಇಲ್ಲಿಗೆ ಬಂದಾಗ ಎಂ6ಜಿ ಲಾರ್ಜ್‌ಗೆ ಜಾಗವೇ ಉಳಿಯುವುದಿಲ್ಲ. ಟಿ4ಜಿ ಲಾರ್ಜ್‌ನಲ್ಲೂ ಅದೇ 2 ವಿಸಿಪಿಯು, ಅದೇ 8 ಜಿಬಿ. ಮೂಲ ಪಾಲು ಶೇ. 30, ಡಿಸ್ಕಿನ ದಾರಿ 4000 ಐಒಪಿಎಸ್. ದಿನದ ಸರಾಸರಿ ಸಿಪಿಯು ಶೇ. 30 ದಾಟದ ತೋಟದ ಲೆಕ್ಕಕ್ಕೆ ಎಂ6ಜಿ ಹೆಚ್ಚಿಗೆ ಕೊಡುವುದೇನೂ ಇಲ್ಲ. ನಮ್ಮ ಆಯ್ಕೆ: ಮಳೆಗಾಲಕ್ಕೆ ಟಿ4ಜಿ ಲಾರ್ಜ್, ಜಿಪಿ3 100 ಜಿಬಿ. ಕೊಯ್ಲಿನ ಲೆಕ್ಕ, ವರ್ಷದ ವರದಿ, ಹೂಮಳೆ ಎಲ್ಲ ಒಂದರ ಮೇಲೊಂದು ಬೀಳುವ ಡಿಸೆಂಬರ್‌ನಿಂದ ಏಪ್ರಿಲ್‌ವರೆಗೆ ಆರ್6ಜಿ ಲಾರ್ಜ್, ಅದೇ ಡಿಸ್ಕ್. ಟಿ4ಜಿ ಮೀಡಿಯಂ ಪರೀಕ್ಷೆಗೆ ಸಾಕು.

ಮಿಷನ್ ಯಾವುದೇ ಇರಲಿ, ನೆಟ್‌ವರ್ಕ್ ಮರಳಿದಾಗ ಕನೆಕ್ಷನ್‌ಗಳ ನೂಕುನುಗ್ಗಲು ತಪ್ಪದು. ಆರ್‌ಡಿಎಸ್‌ನ ಡೀಫಾಲ್ಟ್ ಸೂತ್ರ 4 ಜಿಬಿಗೂ ಹತ್ತಿರಹತ್ತಿರ 450 ಕನೆಕ್ಷನ್ ಬಿಡುತ್ತದೆ, ಆದರೆ ಪ್ರತಿಯೊಂದೂ ಪ್ರತ್ಯೇಕ ಪ್ರೊಸೆಸ್. ಎರಡು ಕೋರಿಗೆ ಅದು ಹೊರಲಾಗದ ಹೊರೆ. ನಡುವೆ ಕನೆಕ್ಷನ್‌ಗಳನ್ನು ಹಂಚಿಕೊಡುವ ಪಿಜಿಬೌನ್ಸರ್ ಟ್ರಾನ್ಸಾಕ್ಷನ್ ಮೋಡಿನಲ್ಲಿರಲಿ, ಅದರಿಂದ ಡೇಟಾಬೇಸಿಗೆ ಹೋಗುವ ಕನೆಕ್ಷನ್ 20 ಇರಲಿ. ಫೋನು, ಸೆನ್ಸರುಗಳು 0ಯಿಂದ 120 ಸೆಕೆಂಡಿನೊಳಗೆ ಮನಬಂದಂತೆ ತಡೆದು ಮತ್ತೆ ಪ್ರಯತ್ನಿಸಲಿ.

ಮಲ್ಟಿ ಎಝಡ್, ಅಂದರೆ ಬೇರೆ ಡೇಟಾಕೇಂದ್ರದಲ್ಲಿ ಇನ್ನೊಂದು ತದ್ರೂಪಿ ಮಿಷನ್ (ಸ್ಟ್ಯಾಂಡ್‌ಬೈ) ಸಿದ್ಧವಿಡುವುದು, ಕೊಯ್ಲಿನ ತಿಂಗಳುಗಳಲ್ಲಿ ಬೇಕು, ಏಕೆಂದರೆ ಅದು ಕೂಲಿಯ ಲೆಕ್ಕ. ಅದಿಲ್ಲದೆ ಡಿಸ್ಕು ಹೋದರೆ ಬ್ಯಾಕಪ್ಪಿನಿಂದ ಸಿಗುವುದು ಸುಮಾರು 5 ನಿಮಿಷ ಹಿಂದಿನವರೆಗಿನದು, ಆ 5 ನಿಮಿಷದಲ್ಲಿ ಯಾರದೋ ಇಡೀ ದಿನದ ತೂಕ ಇರಬಹುದು. ಸ್ಟ್ಯಾಂಡ್‌ಬೈ ಕೈಗೆತ್ತಿಕೊಳ್ಳಲು 60ರಿಂದ 120 ಸೆಕೆಂಡ್ ಹಿಡಿಯುತ್ತದೆ, ಮತ್ತು ಅದರಿಂದ ಓದಲು ಬರುವುದಿಲ್ಲ. ಓದಲೂ ಬರುವ ಎರಡು ಸ್ಟ್ಯಾಂಡ್‌ಬೈಗಳ ಕ್ಲಸ್ಟರ್ ಬೇರೆ ಇದೆ, 35 ಸೆಕೆಂಡಿನೊಳಗೆ ಎದ್ದೇಳುತ್ತದೆ, ಆದರೆ ಟಿ4ಜಿಯಲ್ಲಿ ಸಿಗದು. ಈ ಅಳತೆಯ ಕೆಲಸಕ್ಕೆ ಮೂರು ಮಿಷನ್ನಿನ ಬಾಡಿಗೆ ವ್ಯರ್ಥ. ಸಿಂಗಲ್‌ನಿಂದ ಮಲ್ಟಿಗೆ ಬದಲಿಸುವಾಗ ಸೇವೆ ನಿಲ್ಲದಿದ್ದರೂ ಹೊಸ ಡಿಸ್ಕು ತುಂಬುವವರೆಗೆ ಬರವಣಿಗೆ ತೆವಳುತ್ತದೆ, ಹಾಗಾಗಿ ಕೊಡಗಿನ ಸುಗ್ಗಿಹಬ್ಬ ಪುತ್ತರಿಗೆ ಮುಂಚೆಯೇ ಮುಗಿಸಿ. ಮಲ್ಟಿ ಆದಮೇಲೆ ಮಿಷನ್ ಬದಲಿಸಿದರೆ ನಿಲುಗಡೆ ಒಂದೆರಡು ನಿಮಿಷಕ್ಕೆ ಸೀಮಿತ.

ಮಿಷನ್ ಬದಲಾದ ಕೂಡಲೇ ಮೆಮರಿ ಖಾಲಿ ಇರುತ್ತದೆ, ಈ ತಿಂಗಳ ಪಾರ್ಟಿಷನ್ನಿಗೆ ಮತ್ತೊಮ್ಮೆ ಪ್ರಿವಾರ್ಮ್ ಓಡಿಸಿ. ಬದಲಾವಣೆಯ ಸಮಯವನ್ನು ಆರ್‌ಡಿಎಸ್ ಯುಟಿಸಿಯಲ್ಲಿ (ನಮಗಿಂತ ಐದೂವರೆ ಗಂಟೆ ಹಿಂದಿರುವ ವಿಶ್ವಮಾನ ಸಮಯ) ಕೇಳುತ್ತದೆ: ರಾತ್ರಿ 3 ಗಂಟೆ ಎಂದುಕೊಂಡು 03:00 ಬರೆದರೆ ಇಲ್ಲಿ ಬೆಳಿಗ್ಗೆ 8:30, ಸರಿಯಾಗಿ ಹಾಜರಿ ಹಿಡಿಯುವ ಹೊತ್ತು. ನಡುರಾತ್ರಿ 12ಕ್ಕೆ ಬೇಕಿದ್ದರೆ 18:30 ಎಂದು ಬರೆಯಿರಿ.